ಅತ್ತಿಯ ರೈಲ್ವೆ ಪಾಸು

ನಮ್ಮ ಬಳಗದವರು ಮದುವೆಗೋ ತೊಟ್ಟಿಲಿಗೋ ಸೇರಿದಾಗ ಅತ್ತಿಯ ಮಾತು ಬಂದೇ ಬರುತ್ತದೆ. ಅವಳು ತೀರಿಕೊಂಡದ್ದು 2011ರಲ್ಲಿ. ಅಂದಿನಿಂದ ಅವಳ ಕಥೆಗಳು ವರ್ಷಕ್ಕಿಷ್ಟು ಬೆಳೆಯುತ್ತಲೇ ಇವೆ. ಈಗಿನ ಹುಡುಗರ ಬಾಯಲ್ಲಿ ಅವಳು ಮನಸ್ಸು ಬಂದ ಕೂಡಲೇ ಹೆಗಲಿಗೆ ಚೀಲ ಏರಿಸಿ ಹಿಮಾಲಯಕ್ಕೆ ಹೊರಟುಬಿಡುತ್ತಿದ್ದ ಹೆಂಗಸು. ಯಾರಿಗೂ ಹೇಳದೆ ಹೋಗುತ್ತಿದ್ದಳಂತೆ, ಯಾರನ್ನೂ ಕೇಳದೆ ಬರುತ್ತಿದ್ದಳಂತೆ. ಇದರಲ್ಲಿ ಅರ್ಧಕ್ಕರ್ಧ ಸುಳ್ಳು. ಅತ್ತಿ ಹೊರಡುವ ಸುದ್ದಿ ಎರಡು ಮೂರು ತಿಂಗಳು ಮೊದಲೇ ಓಣಿಗೆಲ್ಲ ಗೊತ್ತಾಗುತ್ತಿತ್ತು. ರಜೆಯ ಅರ್ಜಿ, ಪಾಸಿನ ಅರ್ಜಿ, ಟೈಮ್‌ಟೇಬಲ್ ಪುಸ್ತಕದ ತುಂಬ ಕೆಂಪು ಪೆನ್ಸಿಲ್ಲಿನ ಗೆರೆ, ಅಗಸಿ ಹಿಂಡಿ ಕುಟ್ಟಿಸುವುದು, ಕಡಕ್ ರೊಟ್ಟಿ ಮಾಡಿಸಿ ಅರಿವೆಯಲ್ಲಿ ಕಟ್ಟಿಡುವುದು. ಇಷ್ಟು ಗದ್ದಲ ಎಬ್ಬಿಸದೆ ಅವಳು ವಿಕಾರಾಬಾದಿಗೂ ಹೋದವಳಲ್ಲ.

ಈ ಎಲ್ಲ ಗದ್ದಲದ ನಡುವೆ ಪಾಸು ಇತ್ತು. ರೈಲ್ವೆಯಲ್ಲಿ ದುಡಿದವರ ಮನೆಯ ಮಕ್ಕಳಿಗೆ ಇದರ ಬೆಲೆ ಗೊತ್ತು. ಗುಮಾಸ್ತರಿಗೆ ಐದು ವರ್ಷ ಸರ್ವೀಸು ತುಂಬಿದ ಮೇಲೆ ವರ್ಷಕ್ಕೆ ಮೂರು ಸೆಟ್ ಪಾಸು. ಅದು ತೀರಿದರೆ ಮೂರನೆಯ ಒಂದು ಪಾಲು ದರದಲ್ಲಿ ಟಿಕೆಟ್ ಕೊಡುವ ಪಿ.ಟಿ.ಓ. ಬೇರೆ. ಮದುವೆಯಾಗದ ನೌಕರಳಿಗೆ ವಿಧವೆ ತಾಯಿ ಅವಲಂಬಿತಳಾಗಿದ್ದರೆ ತಾಯಿಯ ಹೆಸರನ್ನೂ ಪಾಸಿನಲ್ಲಿ ಬರೆಸಬಹುದಿತ್ತು. ಬೇರೆಯವರು ಈ ಪಾಸನ್ನು ಊರಿಗೆ ಹೋಗಿಬರಲು, ತಿರುಪತಿಗೆ ಮುಡಿ ಕೊಡಲು ಬಳಸಿದರು. ಎಷ್ಟೋ ಮಂದಿ ಬಳಸದೆ ಕಳೆದರು. ಅತ್ತಿ ಒಂದನ್ನೂ ಹಾಳು ಮಾಡಲಿಲ್ಲ. ಸರ್ಕಾರ ಕೊಟ್ಟ ಕಾಗದದ ಮೇಲೆ ದೇಶದ ಯಾವ ಮೂಲೆ ಬರೆಸಲು ಬರುತ್ತದೋ ಆ ಮೂಲೆಯನ್ನೆಲ್ಲ ಬರೆಸಿದಳು.

ಅವಳು ಅಪ್ಪನ ತಂಗಿ, ಹುಟ್ಟಿದ್ದು 1932ರಲ್ಲಿ, ಕಲಬುರಗಿ ಜಿಲ್ಲೆಯ ಹಳ್ಳಿಯಲ್ಲಿ. ಆಗ ಅದು ನಿಜಾಮರ ರಾಜ್ಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಹದಿನೈದು ತುಂಬುವುದರೊಳಗೆ ಅವಳಿಗೆ ಗಂಡು ಗೊತ್ತಾಗಿತ್ತು. ಅಷ್ಟರಲ್ಲಿ ರಜಾಕಾರರ ಹಾವಳಿ ಶುರುವಾಯಿತು. ಆ ಕಡೆಯ ನೂರಾರು ಮನೆಗಳಂತೆ ನಮ್ಮವರೂ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗಿ ಕೂತರು. ಗಂಡಿನ ಮನೆಯವರು ಬೇರೆ ದಿಕ್ಕು ಹಿಡಿದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಊರಿಗೆ ಮರಳಿದಾಗ ಆ ಗಂಡಿಗೆ ಬೇರೆಲ್ಲೋ ಮದುವೆಯಾಗಿತ್ತು. ಆಯಿ, ಅಂದರೆ ನಮ್ಮಜ್ಜಿ, ಇದನ್ನು ನೆನೆದು ಕಣ್ಣೊರೆಸಿಕೊಂಡಾಗೆಲ್ಲ ಅತ್ತಿ ನಗುತ್ತಿದ್ದಳು: "ಅಳ್ತೀ ಯಾಕವ್ವಾ? ನಿಜಾಮಂದೂ ನಂದೂ ಒಂದೇ ಹೊಡ್ತಕ್ಕ ಮುಗೀತು. ಅವ ಗಾದಿ ಬಿಟ್ಟ, ನಾ ಬಾಸಿಂಗ ಬಿಟ್ಟೆ."

ಆಮೇಲೆ ಬಂದ ಗಂಡುಗಳನ್ನು ಅವಳು ಒಲ್ಲೆ ಎಂದಳು. ಏಕೆ ಎಂದು ಯಾರಿಗೂ ಸರಿಯಾಗಿ ಹೇಳಲಿಲ್ಲ. ಪ್ರೇಮಭಂಗ ಎಂದು ಕಥೆ ಕಟ್ಟುವವರಿದ್ದಾರೆ. ಅವಳು ಆ ಹುಡುಗನ ಮುಖವನ್ನೇ ನೋಡಿರಲಿಲ್ಲ.

ಸಿಕಂದರಾಬಾದಿಗೆ ಬಂದದ್ದು 1954ರಲ್ಲಿ, ರೈಲ್ವೆಯ ಲೆಕ್ಕಪತ್ರ ಕಚೇರಿಗೆ. ನಿಜಾಮ್ ಸ್ಟೇಟ್ ರೈಲ್ವೆ 1951ರಲ್ಲಿ ಸೆಂಟ್ರಲ್ ರೈಲ್ವೆಯೊಳಗೆ ಸೇರಿಹೋಗಿತ್ತು. 1966ರ ಅಕ್ಟೋಬರ್ 2ರಂದು ಸೌತ್ ಸೆಂಟ್ರಲ್ ರೈಲ್ವೆ ಹುಟ್ಟಿ ಸಿಕಂದರಾಬಾದೇ ಅದರ ಮುಖ್ಯ ಕಚೇರಿಯಾಯಿತು. ಅತ್ತಿಯ ಮಟ್ಟಿಗೆ ಮೇಲಿನ ಬೋರ್ಡು ಬದಲಾಯಿತು, ಮುಂದಿನ ಲೆಜರು ಅದೇ. ಈ ನಡುವೆ 1956ರ ನವೆಂಬರ್ 1ಕ್ಕೆ ರಾಜ್ಯಗಳು ಒಡೆದು ಕಲಬುರಗಿ, ರಾಯಚೂರು, ಬೀದರ್ ಮೈಸೂರಿಗೆ ಸೇರಿದವು. ಸಿಕಂದರಾಬಾದು ಆಂಧ್ರಕ್ಕೆ ಹೋಯಿತು. ನೌಕರಿ ಒಂದು ರಾಜ್ಯದಲ್ಲಿ, ಹೊಲಮನೆ ಒಂದು ರಾಜ್ಯದಲ್ಲಿ ಆದ ಕನ್ನಡದ ಮನೆಗಳು ಆಗ ಇಲ್ಲಿ ಬಹಳ ಇದ್ದವು. ಅಪ್ಪನೂ ಇಲ್ಲೇ ಕೆಲಸ ಹಿಡಿದು ಚಿಲಕಲಗುಡದಲ್ಲಿ ಮನೆ ಮಾಡಿದ. ಅತ್ತಿಗೆ ಮೆಟ್ಟುಗುಡದಲ್ಲಿ ರೈಲ್ವೆ ಕ್ವಾರ್ಟರ್ಸು ಸಿಕ್ಕಿತು. ಅಣ್ಣನ ಮನೆ ಹತ್ತಿರವೇ ಇರುವಾಗ ಒಂಟಿ ಹೆಣ್ಣಿಗೆ ಬೇರೆ ಮನೆ ಏಕೆ ಎಂದು ಅಪ್ಪ ಒಂದು ವಾರ ಮಾತು ಬಿಟ್ಟ. ಅತ್ತಿ ಆಯಿಯನ್ನು ಕರೆದುಕೊಂಡು ಹೋಗಿ ಹಾಲು ಉಕ್ಕಿಸಿಬಿಟ್ಟಳು. ತಾಯಿ ಜೊತೆಗಿದ್ದಮೇಲೆ ಒಂಟಿ ಎನ್ನುವ ಮಾತೇ ಉಳಿಯಲಿಲ್ಲ.

ಊರೂ ಅವಳಿಗೆ ಒದಗಿ ಬಂತು ಎನ್ನಬೇಕು. ಸಿಕಂದರ್ ಜಾ ನಿಜಾಮನ ಹೆಸರಿನಲ್ಲಿ 1806ರಲ್ಲಿ ಬ್ರಿಟಿಷರ ದಂಡಿಗೆಂದು ಎದ್ದ ಊರು ಇದು. ಹುಸೇನ್ ಸಾಗರದ ಆಚೆಯ ಹೈದರಾಬಾದಿನ ಹಳೆಯ ಗಲ್ಲಿಗಳ ಪರದೆ ಈಚೆ ಅಷ್ಟಾಗಿ ಇರಲಿಲ್ಲ. ಲಾಲಾಗುಡ, ಮೆಟ್ಟುಗುಡಗಳ ಆಂಗ್ಲೋ ಇಂಡಿಯನ್ ಹೆಂಗಸರು ಫ್ರಾಕು ತೊಟ್ಟು ಸೈಕಲ್ ಹೊಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಅವರಲ್ಲೊಬ್ಬಳು ಅತ್ತಿಗೆ ಪರೇಡ್ ಗ್ರೌಂಡಿನಲ್ಲಿ ಬಾಡಿಗೆ ಸೈಕಲ್ ಕಲಿಸಿದಳು. ಕಚ್ಚೆ ಹಾಕಿದ ಸೀರೆಯಲ್ಲಿ ಸೈಕಲ್ ಸುಲಭವಂತೆ. ಈ ಸಂಗತಿ ಕಂಡುಹಿಡಿದದ್ದಕ್ಕೆ ಅವಳಿಗೆ ಕಡೆತನಕ ಹೆಮ್ಮೆ.

ಆ ದಿನಗಳ ಸಿಕಂದರಾಬಾದಿನಲ್ಲಿ ಇನ್ನೊಂದು ಸುದ್ದಿ ಜನರ ಬಾಯಲ್ಲಿ ಓಡಾಡುತ್ತಿತ್ತು. ನಿಜಾಮ್ ಸರ್ಕಾರವೂ ಟಾಟಾದವರೂ ಕೂಡಿ ನಡೆಸುತ್ತಿದ್ದ ಡೆಕ್ಕನ್ ಏರ್‌ವೇಸ್ ಎಂಬ ವಿಮಾನದ ಕಂಪನಿ ಬೇಗಂಪೇಟೆಯಲ್ಲಿತ್ತು. 1947ರಲ್ಲಿ ಲೈಸೆನ್ಸ್ ಪಡೆದ ಪ್ರೇಮ್ ಮಾಥುರ್ ಎಂಬವರು ಪೈಲಟ್ ಕೆಲಸಕ್ಕಾಗಿ ಹಲವು ಕಂಪನಿಗಳ ಬಾಗಿಲು ತಟ್ಟಿ, ಹೆಣ್ಣೆಂಬ ಕಾರಣಕ್ಕೆ ಬೇಡವೆನ್ನಿಸಿಕೊಂಡು, ಕಡೆಗೆ ಇಲ್ಲಿ ಕೆಲಸ ಹಿಡಿದರು. ಭಾರತದಲ್ಲಿ ಪ್ರಯಾಣಿಕರ ವಿಮಾನ ಹಾರಿಸಿದ ಮೊದಲ ಹೆಂಗಸು ಅವರೇ. 1949ರ ರಾಷ್ಟ್ರೀಯ ವಿಮಾನ ಪಂದ್ಯದಲ್ಲಿ ಗೆದ್ದರು. ಆದರೂ ಇಲ್ಲಿದ್ದಷ್ಟು ಕಾಲ ಅವರು ಸಹಪೈಲಟ್ ಆಗಿಯೇ ಉಳಿದರು, ವಿಮಾನದ ಪೂರ್ತಿ ಹೊಣೆ ಕೈಗೆ ಬರಲಿಲ್ಲ. 1953ರಲ್ಲಿ ಡೆಕ್ಕನ್ ಏರ್‌ವೇಸ್ ಇಂಡಿಯನ್ ಏರ್‌ಲೈನ್ಸಿನೊಳಗೆ ಕರಗಿತು. ಅತ್ತಿ ಬರುವ ಹೊತ್ತಿಗೆ ಆ ಕಂಪನಿಯಿಲ್ಲ, ಪ್ರೇಮ್ ಮಾಥುರ್ ಊರು ಬಿಟ್ಟಿದ್ದರು. ಅವಳು ಅವರನ್ನು ಒಮ್ಮೆಯೂ ಕಂಡವಳಲ್ಲ. ಆದರೂ ಮನೆಯಲ್ಲಿ ಯಾರು ಏನಂದರೂ ಅವಳಿಗೆ ಆ ಹೆಸರೇ ಉತ್ತರ: "ವಿಮಾನ ಹಾರ್ಸಾಕಿ ಒಬ್ಬಾಕಿ ಇದೇ ಊರಾಗ ಇದ್ಲು. ನಾ ಸೈಕಲ್ ಹೊಡೆದ್ರ ನಿಮ್ಮ ಮಾನ ಹೋಗ್ತದೇನು?" ಇನ್ನೊಮ್ಮೆ, ಬಹಳ ವರ್ಷಗಳ ಮೇಲೆ, ಬೇರೆಯೇ ಧಾಟಿಯಲ್ಲಿ ನನಗೆ ಹೇಳಿದ್ದಳು: "ಬಾಜೂ ಸೀಟ್ ಕೊಡ್ತಾರ, ತಿಳೀತಾ? ಅದನ್ನೇ ದೊಡ್ಡ ಉಪಕಾರ ಅಂತಾರ."

ಅವಳ ದಿನನಿತ್ಯದ ಸಾಹಸಗಳು ಸಣ್ಣವು. ಇರಾನಿ ಹೋಟೆಲುಗಳಲ್ಲಿ ಆಗ ಹೆಂಗಸರಿಗೆಂದು ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮು ಇರುತ್ತಿತ್ತು. ಅತ್ತಿ ಅದರೊಳಗೆ ಕಾಲಿಡುತ್ತಿರಲಿಲ್ಲ. ಅಮೃತಶಿಲೆಯ ಮೇಜಿನ ಮುಂದೆ, ಗಂಡಸರ ನಡುವೆ, ಬಾಗಿಲಿಗೆ ಮುಖಮಾಡಿ ಕೂತು ಪೌನಾ ಚಹಾ ಹೇಳಿ, ಉಸ್ಮಾನಿಯಾ ಬಿಸ್ಕತ್ತು ಅದ್ದಿ ತಿನ್ನುತ್ತ ಉರ್ದು ಪೇಪರು ಓದುತ್ತಿದ್ದಳು. ಮೊದಮೊದಲು ನೋಡಿದವರು ಆಮೇಲೆ ನೋಡುವುದನ್ನು ಬಿಟ್ಟರು. ಗಲ್ಲೆಯ ಮೇಲಿದ್ದ ಮುದುಕ ಅವಳನ್ನು ಆಪಾ ಎನ್ನತೊಡಗಿದ. ಭಾನುವಾರ ಬೆಳಿಗ್ಗೆ ಮೌಲಾಲಿ ಗುಡ್ಡ ಹತ್ತುವುದು ಇನ್ನೊಂದು ಚಟ. ದರ್ಗಾಕ್ಕೆ ಹೋಗಲು ಚಂದದ ಮೆಟ್ಟಿಲುಗಳಿವೆ. ಅವಳಿಗೆ ಬೇಕಾದದ್ದು ಹಿಂದಿನ ಬೋಳುಬಂಡೆ. ಚಪ್ಪಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಏರುವುದನ್ನು ನನಗೂ ಕಲಿಸಿದಳು. ಬಂಡೆಗೆ ಹೆದರಬಾರದು, ಬಂಡೆ ಮೋಸ ಮಾಡುವುದಿಲ್ಲ, ಬಂಡೆಯ ಮೇಲಿನ ಉಸುಕು ಮೋಸ ಮಾಡುತ್ತದೆ ಎನ್ನುತ್ತಿದ್ದಳು. ಲೂನಾ ಮೊಪೆಡ್ 1972ರಲ್ಲಿ ಬಂತು. ಬಂದ ಒಂದೆರಡು ವರ್ಷಗಳಲ್ಲಿ ಅವಳ ಬಾಗಿಲ ಮುಂದೆಯೂ ಒಂದು ನಿಂತಿತು.

ನನಗೆ ಅತ್ತಿ ನಿಜವಾಗಿ ಸಿಕ್ಕಿದ್ದು 1969ರಲ್ಲಿ. ಪ್ರತ್ಯೇಕ ತೆಲಂಗಾಣದ ಚಳವಳಿಗೆ ಶಾಲೆಕಾಲೇಜುಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ನನಗೆ ಹನ್ನೊಂದು. ಮನೆಯಲ್ಲಿ ಕೂತು ಕೂತು ತಮ್ಮನ ಜೊತೆ ಜಗಳಾಡುವುದೇ ಕೆಲಸವಾಗಿತ್ತು. ಗಲಾಟೆ ಸ್ವಲ್ಪ ತಣಿದು ಗಾಡಿಗಳು ನೆಟ್ಟಗೆ ಓಡತೊಡಗಿದಾಗ ಅತ್ತಿ ಬಂದು ಅವ್ವನಿಗೆ, "ವೈನಿ, ಈ ಹುಡುಗೀನ ಕಳಸ್ರಿ. ಇತಿಹಾಸದ ಪುಸ್ತಕ ಹ್ಯಾಂಗೂ ಮುಚ್ಚೇದ, ಊರರೆ ತೋರಿಸ್ಕೊಂಡು ಬರ್ತೀನಿ" ಎಂದಳು. ಪಾಸಿನಲ್ಲಿ ಅಣ್ಣನ ಮಗಳಿಗೆ ಜಾಗವಿಲ್ಲ. ನನಗೆ ಅರ್ಧ ಟಿಕೆಟು ಅವಳ ಕೈಯಿಂದಲೇ.

ಹೊರಟದ್ದು ಹಂಪಿಗೆ. ದಾರಿ ಆಗ ಸುತ್ತಿನದು. ಸಿಕಂದರಾಬಾದಿನಿಂದ ವಾಡಿ, ವಾಡಿಯಲ್ಲಿ ಇಳಿದು ಗಾಡಿ ಬದಲಾಯಿಸಿ ಯಾದಗಿರಿ, ರಾಯಚೂರು ಮೇಲೆ ಗುಂತಕಲ್, ಅಲ್ಲಿ ಮೀಟರ್ ಗೇಜಿನ ಸಣ್ಣ ಗಾಡಿ ಹಿಡಿದು ಬಳ್ಳಾರಿ, ಹೊಸಪೇಟೆ. ಮಧ್ಯೆ ಮೂರು ಹೊಳೆ: ಭೀಮಾ, ಕೃಷ್ಣಾ, ತುಂಗಭದ್ರಾ. ಪ್ರತಿ ಸೇತುವೆಗೂ ಮೊದಲು ಅವಳು ನನ್ನನ್ನು ಎಬ್ಬಿಸಿ ಕೈಯಲ್ಲಿ ಐದು ಪೈಸೆ ಇಡುತ್ತಿದ್ದಳು. ದೇವರ ಮೇಲೆ ಅವಳಿಗೆ ಅಂಥ ಭಕ್ತಿಯೇನೂ ಇರಲಿಲ್ಲ. ನೀರು ಕಾಣದೆ ಹೊಳೆ ದಾಟಿಬಿಡಬಾರದು ಎಂಬುದು ಅವಳ ನೇಮ. ಗುಂತಕಲ್ಲಿನ ಜನಾನಾ ವೇಟಿಂಗ್ ರೂಮಿನಲ್ಲಿ ಇಡೀ ರಾತ್ರಿ ಕಳೆದೆವು. ಟ್ರಂಕಿನ ಹಿಡಿಕೆಗೆ ಸರಪಳಿ ಹಾಕಿ, ಸರಪಳಿಯ ಇನ್ನೊಂದು ತುದಿಯನ್ನು ತನ್ನ ಕಾಲಿಗೆ ಸುತ್ತಿಕೊಂಡು ಮಲಗಿದಳು. ದಿಂಬಿನ ಕೆಳಗೆ ಟಾರ್ಚು, ಕೊರಳಲ್ಲಿ ಪೋಲೀಸರ ಸೀಟಿ. ಧೈರ್ಯ ಎಂದರೆ ಹೆದರಿಕೆ ಇಲ್ಲದಿರುವುದು ಎಂದುಕೊಂಡಿದ್ದ ನನಗೆ ಅಂದು ರಾತ್ರಿ ಬೇರೊಂದು ಕಂಡಿತು. ಅವಳಿಗೆ ಹೆದರಿಕೆ ಚೆನ್ನಾಗಿಯೇ ಇತ್ತು, ಅದಕ್ಕೆ ಬೇಕಾದ ಸಾಮಾನನ್ನೂ ಜೊತೆಗೇ ಕಟ್ಟಿಕೊಂಡಿರುತ್ತಿದ್ದಳು.

ಆಗಿನ ಹಂಪಿಯಲ್ಲಿ ಈಗಿನ ಜಂಗುಳಿ ಇಲ್ಲ. ಧರ್ಮಶಾಲೆಯಲ್ಲಿ ಹೆಸರು ಬರೆದುಕೊಳ್ಳುವವನು ಅವಳ ಕೊರಳನ್ನೂ ಕಾಲುಂಗುರವಿಲ್ಲದ ಕಾಲನ್ನೂ ನೋಡಿ, "ನಿಮ್ಮ ಮನಿಯವ್ರು ಎಲ್ಲಿ?" ಎಂದ. "ಮನಿಯವ್ರೆಲ್ಲ ಮನ್ಯಾಗ ಅದಾರ್ರಿ, ನಾವಿಬ್ಬರೇ ಬಂದೀವಿ" ಎಂದು ಪೆನ್ನು ಕಸಿದುಕೊಂಡು ತಾನೇ ಬರೆದಳು. ಕತ್ತಲಿರುವಾಗಲೇ ಎಬ್ಬಿಸಿ ಮಾತಂಗ ಪರ್ವತ ಹತ್ತಿಸಿದಳು. ಮೇಲೆ ಹೋದಾಗ ಅಚ್ಯುತರಾಯನ ಗುಡಿಯ ಮೇಲೆ ಮಂಜು, ಆಚೆಗೆ ವಿರೂಪಾಕ್ಷನ ಗೋಪುರದ ತಲೆಗೆ ಮಾತ್ರ ಬಿಸಿಲು. ಶಾಲೆಯಲ್ಲಿ ತಾಳಿಕೋಟೆಯ ಯುದ್ಧ, 1565 ಎಂದು ಉರುಹೊಡೆದದ್ದು ಅಲ್ಲಿ ಕೂತಾಗ ಎಷ್ಟೊಂದು ಕಲ್ಲಾಗಿ ಬಿದ್ದಿತ್ತು!

ಮರುದಿನ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ ಆನೆಗೊಂದಿಗೆ ಹೊರಟೆವು. ನಡುಹೊಳೆಗೆ ಬಂದಾಗ ಅತ್ತಿ ಅಂಬಿಗನ ಕೈಯಿಂದ ಹುಟ್ಟು ಕೇಳಿದಳು. ಅವನು ನಕ್ಕು ಕೊಟ್ಟ. ಹರಿಗೋಲು ಗಿರಗಿರ ತಿರುಗತೊಡಗಿತು. ಒಳಗಿದ್ದ ಮೂರು ಮಂದಿ ಸಂತೆಯವರು ಅಂಚು ಹಿಡಿದು ಬೊಬ್ಬೆಯಿಟ್ಟರು, ಒಬ್ಬಾಕೆಯ ಬುಟ್ಟಿಯ ಬದನೆಕಾಯಿ ಉರುಳಿದವು. "ಅವ್ವಾರೆ, ಬಲ ಹಾಕಬ್ಯಾಡ್ರಿ, ಮುಂದ ನೀರು ಎಳಕೊಳ್ರಿ" ಎಂದು ಅಂಬಿಗ ಹೇಳುತ್ತಲೇ ಇದ್ದ. ಹೊಳೆಯ ಮಧ್ಯೆ ಸುತ್ತು ತಿರುಗಿ ತಿರುಗಿ ಒಂದು ಗಳಿಗೆಯಲ್ಲಿ ಹರಿಗೋಲು ನೆಟ್ಟಗಾಯಿತು. ಆನೆಗೊಂದಿಯ ದಡ ಮುಟ್ಟಿಸಿದ್ದು ಅವಳೇ. ಬದನೆಕಾಯಿಯ ಹೆಂಗಸು ಇಳಿದು ಹೋಗುವಾಗ ಬೈದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅತ್ತಿ ಕೈ ಮುಗಿದು ಬೈಸಿಕೊಂಡಳು, ಅವಳ ಬದನೆಕಾಯನ್ನೆಲ್ಲ ಕೊಂಡಳು. ಆ ಬದನೆಕಾಯಿ ಸಿಕಂದರಾಬಾದಿನ ತನಕ ಬಂತು.

ಆಯಿಯ ಕಥೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮಗಳ ಪಾಸಿನಲ್ಲಿ ಹೆಸರು ಸೇರಿದ ಮೇಲೆ ಕಾಶಿ, ರಾಮೇಶ್ವರ, ಪುರಿ ಎಂದು ಪುಣ್ಯದ ನೆಪದಲ್ಲಿ ಶುರುವಾದ ಆಯಿಯ ತಿರುಗಾಟ ಎಲ್ಲೋರದಂಥ ಕಡೆಗೂ ಹೊರಳಿತು. ಮನಮಾಡಕ್ಕೆ ಹೋಗುವ ಮೀಟರ್ ಗೇಜಿನ ಗಾಡಿಯಲ್ಲಿ ನಿಜಾಮಾಬಾದ್, ಬಾಸರ, ನಾಂದೇಡ, ಜಾಲನಾ ದಾಟಿ ಔರಂಗಾಬಾದು. ತಲೆಯ ಮೇಲಿನ ಸೆರಗು ಜಾರದ ಹಾಗೆ ಹಿಡಿದುಕೊಂಡು ಕೈಲಾಸದ ಗುಡಿಯ ಮುಂದೆ ನಿಂತು ಆಯಿ ಕೇಳಿದ್ದು ಒಂದೇ ಪ್ರಶ್ನೆ: "ಈ ಕಲ್ಲಿನ ಪುಡಿ ಎಲ್ಲಿ ಒಗದ್ರು?" ಎಂಥ ಎಂಜಿನಿಯರನಿಗೂ ತಕ್ಕ ಪ್ರಶ್ನೆ ಅದು. ಗಂಡ ಸತ್ತ ಮೇಲೆ ಮನೆಯ ಮೂಲೆ ಹಿಡಿದು ಕೂತಿದ್ದ ಮುದುಕಿಗೆ ಅರವತ್ತರ ಮೇಲೆ ಕಾಲು ಬಂದವು.

ಆದರೆ ಅತ್ತಿ ಪ್ರತಿಸಲ ತಾಯಿಯನ್ನು ಕರೆದೊಯ್ಯುತ್ತಿರಲಿಲ್ಲ. ಒಬ್ಬಳೇ ಹೋಗುವ ಆಸೆ ಅವಳಿಗೆ ಬಲವಾಗಿತ್ತು. ಆಗ ಆಯಿ ನಮ್ಮ ಮನೆಗೆ ಬರುತ್ತಿದ್ದಳು. ಆಯಿಗೆ ಮಡಿಯ ಅಡುಗೆ ಬೇರೆ, ರಾತ್ರಿ ಎರಡು ಸಲ ಎಬ್ಬಿಸಿ ಹೊರಗೆ ಕರೆದೊಯ್ಯಬೇಕು, ಮಂಡಿಗೆ ಎಣ್ಣೆ ತಿಕ್ಕಬೇಕು. ಇದೆಲ್ಲ ಅವ್ವನ ಪಾಲಿಗೆ. ಅತ್ತಿಯ ಸಾಹಸ ಹೇಳುವವರು ಈ ಭಾಗ ಹೇಳುವುದೇ ಇಲ್ಲ. ಅವ್ವ ಮಾತ್ರ ಮರೆಯಲಿಲ್ಲ. "ನಿಮ್ಮತ್ತಿ ಗುಡ್ಡ ಹತ್ತಲಾಕ ಹೋದಾಗ ಇಲ್ಲಿ ಒಲಿ ಮುಂದ ನಿಂತಾಕಿ ಯಾರು? ಅದನ್ನೂ ಬರಕೋ" ಎಂದು ನನಗೇ ಹೇಳಿದ್ದಾಳೆ. ಬರೆದಿದ್ದೇನೆ, ಅವ್ವಾ.

ಅತ್ತಿಗೆ ಇದು ತಿಳಿಯದೆ ಇರಲಿಲ್ಲ. ಲೆಕ್ಕದ ಕಚೇರಿಯವಳಲ್ಲವೆ, ಅವಳು ಇದನ್ನೂ ಲೆಕ್ಕಕ್ಕೆ ಹಿಡಿದಿದ್ದಳು. ಎಷ್ಟು ದಿನ ಆಯಿಯನ್ನು ಅವ್ವನ ಮೇಲೆ ಬಿಟ್ಟು ಹೋಗುತ್ತಿದ್ದಳೋ ಅಷ್ಟು ದಿನ, ತಿರುಗಿ ಬಂದಮೇಲೆ, ಟ್ರಂಕು ಹೊತ್ತು ನಮ್ಮ ಮನೆಗೆ ಬರುತ್ತಿದ್ದಳು. ಅವ್ವ ತವರಿಗೆ, ಸೇಡಂಗೆ. ವಾಡಿಯ ಗಾಡಿ ಹತ್ತಿದರೆ ಸೀದಾ ಸೇಡಂ ಸ್ಟೇಷನ್ನು. ಅತ್ತಿ ಕಚೇರಿಗೆ ಹೋಗುವ ಮೊದಲು ನಮ್ಮೆಲ್ಲರ ಬುತ್ತಿ ಕಟ್ಟುತ್ತಿದ್ದಳು. ಅವಳ ಅಡುಗೆ ಬಾಯಿಗಿಡಲು ಬರುತ್ತಿರಲಿಲ್ಲ. ರೊಟ್ಟಿಯ ಒಂದು ಕಡೆ ಹಸಿ, ಒಂದು ಕಡೆ ಕರಿ. ಅಪ್ಪ ಮಾತಾಡದೆ ತಿಂದು ಎದ್ದು ಹೋಗುತ್ತಿದ್ದ. ಅವ್ವ ಒಂದು ದಿನ ಮೊದಲೇ ಮರಳಿದರೆ ಅತ್ತಿ ಜಗಳ ತೆಗೆಯುತ್ತಿದ್ದಳು: "ಇನ್ನೊಂದು ದಿನ ನನ್ನ ಮ್ಯಾಲ ಬಾಕಿ ಉಳೀತಲ್ರಿ ವೈನಿ!"

ಈ ಒಪ್ಪಂದವನ್ನು ನಾನು ಬಹಳ ದಿನ ಚಂದದ ಕಥೆಯಂತೆ ಹೇಳಿಕೊಂಡು ತಿರುಗಿದೆ. ಈಗ ಅಷ್ಟು ಚಂದ ಕಾಣುವುದಿಲ್ಲ. ಅತ್ತಿ ಹಿಮಾಲಯದ ಪಿಂಡಾರಿಯಂಥ ಕಡೆಗೆ ಹೋಗುತ್ತಿದ್ದಳು, ಅವ್ವ ಸೇಡಂಗೆ. ದಿನಗಳೇನೋ ಸಮ, ದಾರಿ ಸಮವಲ್ಲ. "ನೀವೂ ಬರ್ರಿ ಪುರಿಗೆ" ಎಂದು ಅತ್ತಿ ಕರೆದದ್ದುಂಟು. ಅವ್ವ ಬರುವುದಿಲ್ಲ ಎಂದಾಗ, "ನಿಮಗ ನಿಮ್ಮ ಒಲಿನೇ ಕಾಶಿ" ಎಂದು ಚುಚ್ಚಿದ್ದೂ ಉಂಟು. ಅವಳ ನಾಲಿಗೆ ಒಮ್ಮೊಮ್ಮೆ ಬಹಳ ಹರಿತ. ಅವ್ವನ ಕೈಯಲ್ಲಿ ಸ್ವಂತ ಸಂಬಳವಿರಲಿಲ್ಲ, ತನ್ನ ಹೆಸರಿನ ಪಾಸೂ ಇರಲಿಲ್ಲ. ಟಿಕೆಟಿಗೆ ಅಪ್ಪನ ಮುಂದೆ ಕೈ ಒಡ್ಡಿ ಪುರಿಗೆ ಹೋಗುವುದಕ್ಕಿಂತ ಹೋಗದಿರುವುದೇ ಮರ್ಯಾದೆ ಎಂದು ಅವ್ವನಿಗೆ ಅನ್ನಿಸಿದ್ದರೆ ಅದು ಹೆದರಿಕೆಯಲ್ಲ. ಇಷ್ಟು ಬುದ್ಧಿವಂತೆ ಅತ್ತಿಗೆ ಇದು ಹೊಳೆಯಲು ಬಹಳ ವರ್ಷ ಬೇಕಾಯಿತು.

ಹೊಳೆದದ್ದು 1974ರಲ್ಲಿ ಎಂದು ನನ್ನ ಊಹೆ. ಆ ಮೇ ತಿಂಗಳಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳ್ತನದಲ್ಲಿ ದೇಶದ ರೈಲ್ವೆ ಮುಷ್ಕರವಾಯಿತು, 8ರಿಂದ 27ರವರೆಗೆ. ಲಕ್ಷಾಂತರ ಮಂದಿ ಕೆಲಸ ಬಿಟ್ಟು ಹೊರಗಿದ್ದರು. ಅತ್ತಿಯೂ ಹೊರಗೆ. ಸಂಬಳ ನಿಂತಿತು. ಮುಂದೆ ನೌಕರಿ ಉಳಿಯುತ್ತದೆಯೋ ಇಲ್ಲವೋ ತಿಳಿಯದ ಆ ದಿನಗಳಲ್ಲಿ ಅವಳೂ ಆಯಿಯೂ ನಮ್ಮಲ್ಲೇ ಉಂಡರು. ಮೊದಲ ಸಲ ಅವಳ ಕೈ ಖಾಲಿ. ಅವ್ವ ಒಂದು ಮಾತೂ ಆಡಲಿಲ್ಲ, ಅಡುಗೆಯಲ್ಲೂ ಕಡಿಮೆ ಮಾಡಲಿಲ್ಲ. ಮುಷ್ಕರ ಮುಗಿದು ನೌಕರಿ ಉಳಿದಮೇಲೆ ಅತ್ತಿ ಅವ್ವನ ಹೆಸರಲ್ಲಿ ಪೋಸ್ಟಾಫೀಸಿನಲ್ಲಿ ಒಂದು ಖಾತೆ ತೆಗೆದಳು. ತಿಂಗಳಿಗಿಷ್ಟು ಅಂತ ನಿವೃತ್ತಿಯವರೆಗೆ ಕಟ್ಟಿದಳು. ಪಾಸ್‌ಬುಕ್ಕು ಅವ್ವನ ಟ್ರಂಕಿನಲ್ಲಿ. ಅಪ್ಪನಿಗೆ ಅದು ಗೊತ್ತಾದದ್ದು ಬಹಳ ತಡವಾಗಿ. ಆ ದುಡ್ಡಿನಲ್ಲಿ ಅವ್ವ ಎಲ್ಲಿಗೂ ತಿರುಗಲು ಹೋಗಲಿಲ್ಲ. ಹೊಲಿಗೆ ಮಷೀನು ಕೊಂಡಳು, ಚಿಲಕಲಗುಡದ ಅರ್ಧ ಹೆಂಗಸರ ಜಂಪರು ಹೊಲಿದಳು. ಅತ್ತಿ ಅದಕ್ಕೆ ಏನೂ ಅನ್ನಲಿಲ್ಲ.

ಪಿಂಡಾರಿ ಹಿಮನದಿಗೆ ಹೋದದ್ದು 1979ರಲ್ಲಿ, ನಲವತ್ತೇಳನೆಯ ವಯಸ್ಸಿಗೆ. ದಿಲ್ಲಿಗೆ ಹೋಗಿ, ಅಲ್ಲಿಂದ ಕಾಠಗೋದಾಮಿಗೆ, ಬಸ್ಸಿನಲ್ಲಿ ಬಾಗೇಶ್ವರದ ಮೇಲೆ, ಆಮೇಲೆ ಕಾಲ್ನಡಿಗೆ: ಲೋಹಾರಖೇತ, ಢಾಕುರಿ, ಖಾತಿ, ದ್ವಾಲಿ, ಫುರ್ಕಿಯಾ. ಈ ಹೆಸರುಗಳು ನನಗೆ ಬಾಯಿಪಾಠ. ಅವಳು ಕಾರ್ಡು ಬರೆಯುತ್ತಿದ್ದಳು. ಖಾತಿಯಿಂದ ಬಂದ ಕಾರ್ಡಿನಲ್ಲಿ ಹಿಮದ ವರ್ಣನೆ ಒಂದು ಸಾಲೂ ಇಲ್ಲ. ಬೂಟು ಕಚ್ಚಿದೆ, ರೊಟ್ಟಿ ಖಲಾಸಾಗಿದೆ, ಹಿಂಡಿ ಇನ್ನೂ ಇದೆ, ಇಲ್ಲಿಯವರು ಅದನ್ನು ಅನ್ನಕ್ಕೆ ಕಲಸಿಕೊಂಡು ತಿಂದು ಇನ್ನಷ್ಟು ಕೇಳಿದರು, ವೈನಿಗೆ ತಿಳಿಸು ಎಂದಿತ್ತು. ಅವ್ವ ಆ ಕಾರ್ಡನ್ನು ನನ್ನಿಂದ ಎರಡು ಸಲ ಓದಿಸಿ ಎತ್ತಿಟ್ಟುಕೊಂಡಳು. ಕಡೆಯ ದಿನ ಮಳೆ ಹಿಡಿದು ಅತ್ತಿ ಫುರ್ಕಿಯಾದಿಂದಲೇ ಮರಳಿದಳು, ಹಿಮನದಿಯ ಬಾಯಿಯನ್ನು ಕಾಣಲಿಲ್ಲ. ಹುಡುಗರು ಈಗ ಹೇಳುವ ಕಥೆಯಲ್ಲಿ ಅವಳು ಹಿಮದ ಮೇಲೆ ನಿಂತು ಕೈ ಬೀಸುತ್ತಾಳೆ. ಅವಳೇ ಹೇಳಿದ್ದು ಬೇರೆ: "ಕೂಲಿ ಬ್ಯಾಡ ಅಂದ. ಅವನ ಗುಡ್ಡ, ಅವನ ಮಾತು." ಐದು ವರ್ಷದ ಮೇಲೆ, 1984ರ ಮೇ 23ಕ್ಕೆ ಬಚೇಂದ್ರಿ ಪಾಲ್ ಎವರೆಸ್ಟ್ ಹತ್ತಿದ ಸುದ್ದಿ ಬಂದಾಗ ಪೇಪರಿನ ಚಿತ್ರ ಕತ್ತರಿಸಿ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದಳು. ಆ ಮನೆಯಲ್ಲಿ ಅವಳು ಅತಿ ಕಡಿಮೆ ಹೋಗುತ್ತಿದ್ದ ಜಾಗ ಅದು.

1990ರಲ್ಲಿ ಐವತ್ತೆಂಟು ತುಂಬಿ ನಿವೃತ್ತಳಾದಳು. ಅದೇ ಮಾರ್ಚಿನಲ್ಲಿ ಹುಸೇನ್ ಸಾಗರದ ಮಧ್ಯೆ ನಿಲ್ಲಿಸಲು ಸಾಗಿಸುತ್ತಿದ್ದ ಬುದ್ಧನ ಏಕಶಿಲಾ ಮೂರ್ತಿ ನೀರಿಗೆ ಜಾರಿ ಬಿತ್ತು, ಜನ ಸತ್ತರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಬುದ್ಧ ಕೆರೆಯ ತಳದಲ್ಲಿ ಮಲಗಿದ್ದ. 1992ರ ಡಿಸೆಂಬರಿನಲ್ಲಿ ಎತ್ತಿ ನಿಲ್ಲಿಸುವವರೆಗೆ ಅತ್ತಿ ಲೂನಾ ಹತ್ತಿ ಟ್ಯಾಂಕ್‌ಬಂಡಿಗೆ ಹೋಗಿ ಕೆಲಸ ನೋಡಿ ಬರುತ್ತಿದ್ದಳು, ಕಂಟ್ರಾಕ್ಟರನ ಮೇಲ್ವಿಚಾರಕಿಯ ಹಾಗೆ. ನಿವೃತ್ತರಿಗೆ ಪಾಸಿನ ಸೆಟ್ಟು ಕಡಿಮೆ, ಮಂಡಿಯೂ ಮೊದಲಿನ ಹಾಗಿಲ್ಲ. 2003ರಲ್ಲಿ ಎಂ.ಎಂ.ಟಿ.ಎಸ್. ಲೋಕಲ್ ಗಾಡಿ ಶುರುವಾದಾಗ ಅವಳಿಗೆ ಎಪ್ಪತ್ತೊಂದು. ಸಿಕಂದರಾಬಾದಿನಿಂದ ಲಿಂಗಂಪಲ್ಲಿ, ಲಿಂಗಂಪಲ್ಲಿಯಿಂದ ಸಿಕಂದರಾಬಾದು. ಕೆಲಸವಿಲ್ಲದೆ, ಕಿಟಕಿಯ ಪಕ್ಕ. ಕೇಳಿದರೆ, "ಬೇಗಂಪೇಟಿ ಹೆಂಗ ಬೆಳದದ ನೋಡಿಬಂದೆ" ಎನ್ನುವಳು. ಒಮ್ಮೆ ಪುರಿಯಲ್ಲಿ ಒಬ್ಬಳೇ ಜ್ವರ ಬಂದು ಛತ್ರದಲ್ಲಿ ಮಲಗಿದ್ದಾಗ ಮೂರು ದಿನ ನೀರು ಕೊಡುವವರಿಲ್ಲದೆ ಕಳೆದೆ ಎಂದು ಆ ವಯಸ್ಸಿನಲ್ಲಿ ಹೇಳಿದಳು, ಮೊದಲ ಸಲ. ಮೊದಲೇ ಹೇಳಿದ್ದರೆ ಅಣ್ಣ ಮುಂದಿನ ಸಲ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ ಎಂಬುದು ಅವಳ ಲೆಕ್ಕ.

ಅವಳ ಕಡೆಯ ವರ್ಷಗಳಲ್ಲಿ ಆರೈಕೆಗೆ ನಿಂತವಳು ಅವ್ವ. ಯಾರೂ ದಿನ ಎಣಿಸಲಿಲ್ಲ.

ಹೈದರಾಬಾದಿನ ದೊಡ್ಡ ಹೆಂಗಸರ ಬಗ್ಗೆ ಪುಸ್ತಕಗಳಿವೆ. ಸರೋಜಿನಿ ನಾಯ್ಡು ಅವರ ಮನೆ ನಾಂಪಲ್ಲಿಯಲ್ಲಿ ನಿಂತಿದೆ. ಅವರ ತಮ್ಮ ಹರೀಂದ್ರನಾಥರನ್ನು ಮದುವೆಯಾಗಿ ಆ ಮನೆತನಕ್ಕೆ ಸೊಸೆಯಾಗಿ, ಆಮೇಲೆ ಆ ಮದುವೆಯಿಂದಲೂ ಹೊರನಡೆದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ತಮ್ಮ ಕಥೆಯನ್ನು ತಾವೇ ಬರೆದಿಟ್ಟರು. ಹೈದರಾಬಾದ್ ವೈದ್ಯಕೀಯ ಶಾಲೆಯಲ್ಲಿ 1880ರ ದಶಕದಲ್ಲಿ ಕಲಿತು ಕ್ಲೋರೋಫಾರಂ ಕೊಡುವುದರಲ್ಲಿ ಪಳಗಿದ ರೂಪಾಬಾಯಿ ಫರ್ದೂನ್‌ಜೀ ಅವರನ್ನು ನೂರು ವರ್ಷ ಕಳೆದ ಮೇಲಾದರೂ ವೈದ್ಯರೇ ಹುಡುಕಿ ತೆಗೆದರು. ಅತ್ತಿಯಂಥವರಿಗೆ ಉಳಿಯುವುದು ಸರ್ವೀಸ್ ರಿಜಿಸ್ಟರಿನ ಒಂದು ಪುಟ. ಅದರಲ್ಲಿ ಸೇರಿದ ತಾರೀಖು ಇರುತ್ತದೆ, ಇನ್‌ಕ್ರಿಮೆಂಟು ಇರುತ್ತದೆ, ಹರಿಗೋಲು ಇರುವುದಿಲ್ಲ.

1950ರ ದಶಕದಲ್ಲಿ ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಸಿಕಂದರಾಬಾದಿಗೆ ನೌಕರಿಗೆ ಬಂದ ಹೆಂಗಸರು ಅವಳೊಬ್ಬಳೇ ಅಲ್ಲ. ರೈಲ್ವೆ, ಟೆಲಿಫೋನ್, ಶಾಲೆ, ಆಸ್ಪತ್ರೆಗಳಲ್ಲಿ ದುಡಿದವರು ಇದ್ದರು, ಕೆಲವರು ಇನ್ನೂ ಇದ್ದಾರೆ, ತೊಂಬತ್ತರ ಆಸುಪಾಸಿನಲ್ಲಿ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ವಾರವೇ ಹೋಗಿ ಕೂತು ಕೇಳಿ, ಬರೆದುಕೊಳ್ಳಿ. ಅವರು ಹೊರಗೆ ಹೋದಾಗ ಒಲೆಯ ಮುಂದೆ ನಿಂತವರು ಯಾರು ಎಂಬುದನ್ನೂ ಕೇಳಿ, ಅವರ ಹೆಸರನ್ನೂ ಅದೇ ಪುಟದಲ್ಲಿ ಬರೆಯಿರಿ.